ಅಕ್ಕುವಿನ ವ್ಯವಸಾಯ

ಮುಳಿಪದವಿನ ಇಳಿಜಾರಿನಲ್ಲಿ ನಮ್ಮದು ಕೆಳಗಿನ ಮನೆ, ಅಕ್ಕುವಿನದು ಮೇಲಿನದು. ಹೆಸರಿನಲ್ಲೇ ಅರ್ಧ ಅಕ್ಕ ಇದ್ದುದರಿಂದ ಇನ್ನೊಂದು ಸೇರಿಸಿ ಕರೆಯಲು ನಾನು ಹೋಗಲಿಲ್ಲ. ಅವಳೂ ನನ್ನನ್ನು ಬಂದ್ಯೋಡಿನಲ್ಲಿ ಚಪ್ಪಲಿ ಅಂಗಡಿ ಇಟ್ಟ ದೊಡ್ಡ ಮನುಷ್ಯ ಎಂದು ಎಣಿಸಲಿಲ್ಲ. ಅವಳ ಮಟ್ಟಿಗೆ ನಾನು ಮೂಗು ಸುರಿಸುತ್ತಾ ಕೊಡಪಾನ ಹಿಡಿದು ನೀರಿಗೆ ಬರುತ್ತಿದ್ದ ಕುಂಞಮ್ಮದನೇ.

ನೀರು ಅವಳ ಮನೆಯ ಹಿಂದಿನ ಸುರಂಗದ್ದು. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದದ್ದು, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಎತ್ತರ. ಬೆಳಿಗ್ಗೆ ಕೊಡಪಾನ ಒಡ್ಡುವ ಮೊದಲು ಅಕ್ಕು ಅದರ ಬಾಯಿಗೆ ಬಗ್ಗಿ ತುಳುವಿನಲ್ಲಿ ಕೇಳುತ್ತಿದ್ದಳು: "ಉಂಡಾ?" ಇದೆಯಾ ಎಂದು. ಸ್ವಲ್ಪ ತಡೆದು ಒಳಗಿನಿಂದ ಒಂದು ದನಿ ಬರುತ್ತಿತ್ತು: "ಉಂಡು." ಇದೆ ಎಂದು.

ಅದು ಪ್ರತಿಧ್ವನಿ, ಬೇರೆ ಎಂತದ್ದೂ ಅಲ್ಲ ಎಂದು ನಾನು ವಾದಿಸುತ್ತಿದ್ದೆ. ಬಿಲಕ್ಕೆ ಕೂಗಿದರೆ ಬಿಲ ಕೂಗುತ್ತದೆ, ಕೊನೆಯ ಅಕ್ಷರವನ್ನು ಅರ್ಧ ನುಂಗುತ್ತದೆ, ಅಷ್ಟೆ.

"ಆಯ್ತು ಮಾರಾಯ," ಎನ್ನುತ್ತಿದ್ದಳು ಅಕ್ಕು. "ನೀನು ಕುಡಿದು ಬೆಳೆದ ನೀರು ಯಾರದ್ದು, ಅದನ್ನು ಹೇಳು."

ನೀರು ಬಟ್ಯನದ್ದು. ಬಟ್ಯ ಅಕ್ಕುವಿನ ಗಂಡ. ಇಬ್ಬರೂ ಕೆಂಪು ಬಾವುಟ ಹಿಡಿದು ನಡೆದವರು. ಭೂಸುಧಾರಣೆಯಲ್ಲಿ ಅವರಿಗೆ ಇಳಿಜಾರಿನಲ್ಲಿ ಮನೆಯಷ್ಟು ಜಾಗ, ಮೇಲೆ ಗುಡ್ಡದ ನೆತ್ತಿಯ ಪದವಿನಲ್ಲಿ ಒಂದು ತುಂಡು ಪಾರೆ, ಬರೀ ಕಲ್ಲುನೆಲ, ಸಿಕ್ಕಿತು. ಸ್ವಂತದ್ದು ಎನ್ನುವ ನೆಲ ಅವರ ವಂಶದಲ್ಲಿ ಅದೇ ಮೊದಲು. ನೆಲವೇನೋ ಬಂತು, ನೀರಿರಲಿಲ್ಲ. ಬಟ್ಯ ಪಿಕ್ಕಾಸು ಹಿಡಿದು ಗುಡ್ಡದೊಳಗೆ ಹೊಕ್ಕ. ಅಕ್ಕು ಮಣ್ಣು ಹೊತ್ತು ಹೊರಗೆ ಹಾಕಿದಳು. ದಿನವೂ ಕತ್ತಲಾಗುವ ಮೊದಲು ಅವಳು ಬಾಯಿಯಲ್ಲಿ ನಿಂತು "ಉಂಡಾ?" ಎನ್ನುವುದು, ಅವನು ಒಳಗಿನಿಂದ "ಇಜ್ಜಿ," ಇಲ್ಲ, ಎನ್ನುವುದು. "ಹಾಗಾದ್ರೆ ಸಾಕು, ಬನ್ನಿ ಹೊರಗೆ, ಗಂಜಿ ಆರ್ತದೆ." ಅವಳು ಬುಟ್ಟಿ ಹೊತ್ತು ಮುಂದೆ, ಅವನು ಮೈಯೆಲ್ಲ ಮಣ್ಣಾಗಿ ಹಿಂದೆ.

ಒಂದು ದಿನ ಅವನು "ಉಂಡು!" ಎಂದು ಕೂಗಿದ. ಎಷ್ಟು ಖುಷಿಯ ಕೂಗು ಅದು ಎಂದು ಅಕ್ಕು ಯಾವಾಗಲೂ ಹೇಳುವಳು. ಕೂಗಿನ ಹಿಂದೆಯೇ ಗುಡ್ಡ ಒಳಗೆ ಕುಸಿಯಿತು. ಮೊದಲು ಕೆಂಪು ನೀರು ಬಂತು, ಆಮೇಲೆ ತಿಳಿನೀರು. ಅಗೆಯಲು ಹೋದವರ ಮೇಲೂ ಜೇಡಿ ಬೀಳತೊಡಗಿದಾಗ ಹಿರಿಯರು ಬೇಡ ಎಂದರು. ಜೀವದ ಹೆದರಿಕೆ ಒಂದು. ಇನ್ನೂ ಕೆದಕಿದರೆ ನೀರಿನ ದಾರಿ ಕಟ್ಟಿದರೆ ಎನ್ನುವುದು ಮತ್ತೊಂದು. ಆ ಮಾತು ಆಡಿದವರಲ್ಲಿ ನನ್ನ ತಂದೆ, ನಮ್ಮ ಉಪ್ಪನೂ ಇದ್ದರು. ಬೇಸಿಗೆಯಲ್ಲಿ ಬಾಯಾರಿ ಬೆಂದ ಇಳಿಜಾರು ನೋಡಿ ಅಕ್ಕು ಆಗಲಿ ಎಂದು ತಲೆಯಾಡಿಸಿದಳು. ಮಗಳು ಪಂಕಜಾಕ್ಷಿ ಆಗ ತೊಟ್ಟಿಲಲ್ಲಿ. ಬಟ್ಯ ಒಳಗೇ ಉಳಿದ, ನಾವು ಅವನ ಮೇಲಿಂದ ಹರಿದು ಬಂದ ನೀರು ಕುಡಿದು ದೊಡ್ಡವರಾದೆವು.

ಇಷ್ಟು ಹಿಂದಿನ ಕತೆ. ಎರಡು ಸಾವಿರದ ಏಳರ ಹೊತ್ತಿಗೆ ತಿರುವನಂತಪುರದಲ್ಲಿ ಮತ್ತೆ ಎಡಪಕ್ಷಗಳ ಸರ್ಕಾರ. ನಾನು ಆಗ ಶಾರ್ಜಾದಲ್ಲಿ ಕೆಲಸಕ್ಕಿದ್ದೆ, ಅಂಗಡಿ ಇನ್ನೂ ಇಟ್ಟಿರಲಿಲ್ಲ. ಊರ ಶಾಲೆಯಲ್ಲಿ ನಡೆದ ಸಭೆಯಲ್ಲಿ ನನ್ನ ಹೆಂಡತಿ ಝುಹ್ರಾ ಮುಂದಿನ ಸಾಲಲ್ಲೇ ಕೂತಿದ್ದಳು, ಅವಳು ಹೇಳಿದ್ದು ಇದು. ಪಕ್ಷದ ಲೋಕಲ್ ಕಾರ್ಯದರ್ಶಿ ಸುಕುಮಾರ ದನಿ ಏರಿಸಿ, ಹಣ ಹೂಡುವ ಮುತಲಾಳಿಗಳು ಬರಲಿ ಎಂದು ಕಾದು ಕೂತರೆ ಈ ಜಿಲ್ಲೆ ಹೀಗೇ ಒಣಗುತ್ತದೆ, ಸರ್ಕಾರವೇ ಯೋಜನೆ ಹಾಕಿದೆ, ಹತ್ತು ವರ್ಷದ ಕೆಲಸ ಎರಡೇ ವರ್ಷದಲ್ಲಿ ಎಂದ. ತೆಂಕಿನಿಂದ ಬಂದ ಆಫೀಸರು ಮಲಯಾಳದಲ್ಲಿ ಒಂದೇ ಮಾತು: "ಇವಿಡೆ ವ್ಯವಸಾಯಂ ವರುಂ." ಇಲ್ಲಿ ವ್ಯವಸಾಯ ಬರುತ್ತದೆ.

ವ್ಯವಸಾಯ! ಕನ್ನಡ ಶಾಲೆಯ ಬೆಂಚಿನಲ್ಲಿ ಕೂತ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಪಾರೆಯ ಮೇಲೆ ಮಣ್ಣು ತುಂಬಿಸಿ ಗದ್ದೆ ಮಾಡುತ್ತಾರೆ, ಭತ್ತ ಬೆಳೆಯುತ್ತಾರೆ ಎಂದೇ ತಿಳಿದರು. ಅಕ್ಕು ಎದ್ದು ನಿಂತಳು. "ವ್ಯವಸಾಯಕ್ಕೆ ನೀರು ಬೇಡವಾ ಸಾರ್?"

ಸುಕುಮಾರ ಅದನ್ನು ಮಲಯಾಳಕ್ಕೆ ತಿರುಗಿಸಿದ. ನೀರಿಲ್ಲದೆ ಯಾವ ವ್ಯವಸಾಯ ಅಮ್ಮಾ ಎಂದು ಆಫೀಸರು ನಕ್ಕರು.

"ಹಾಗಾದ್ರೆ ಪದವಿನ ನನ್ನ ಜಾಗ ತಗೊಳ್ಳಿ. ಅದರ ಅಡಿಯಲ್ಲಿ ನೀರುಂಟು. ನಮ್ಮವರ ನೀರು ವ್ಯವಸಾಯಕ್ಕೆ ಹೋಗ್ಲಿ. ಪಕ್ಷ ಕೊಟ್ಟ ಜಾಗ, ಪಕ್ಷ ಕೇಳಿದ್ರೆ ಇಲ್ಲ ಹೇಳ್ಲಿಕ್ಕೆ ಉಂಟಾ?"

ಆಫೀಸರು ಕೈಮುಗಿದರು. ಇಬ್ಬರೂ ಒಂದೇ ಪದ ಹೇಳಿ ಒಪ್ಪಿದ್ದರು, ಇಬ್ಬರ ತಲೆಯಲ್ಲೂ ಬೇರೆ ಬೇರೆ ಊರು. ಅವಳ ಪಾರೆಯ ಮೇಲೆ ಗುರುತಿನ ಗೂಟ ಬಿತ್ತು.

ಕೆಲಸದ ವೇಗಕ್ಕೆ ಮಾತ್ರ ಸಲಾಂ ಹೊಡೆಯಲೇಬೇಕು. ನಾನು ಊರಿಗೆ ಮರಳುವಾಗ ಒಂದು ಬೇಸಿಗೆಯೊಳಗೆ ಮುಳಿಹುಲ್ಲಿನ ಪದವು ಅಂಗೈಯಂತೆ ಸಪಾಟಾಗಿತ್ತು. ತಾರು ರಸ್ತೆ, ವಿದ್ಯುತ್ ಕಂಬ, ಶೆಡ್ಡುಗಳು, ಕಬ್ಬಿಣದ ಗೇಟು. ಕಮಾನಿನ ಮೇಲೆ ಕನ್ನಡದಲ್ಲೂ ಬರೆದಿದ್ದರು, ಮಲಯಾಳವನ್ನು ಹಾಗೇ ಇಳಿಸಿ: ವ್ಯವಸಾಯ ಪಾರ್ಕ್. ಮಗಳು ರಂಶೀನಾಳಿಗೆ ಅಲ್ಲೇ ಒಂದು ಕೆಲಸ ಸಿಗಬಹುದೆಂದು ನಾನೂ ಆಸೆಪಟ್ಟೆ, ಸುಳ್ಳು ಯಾಕೆ ಹೇಳಲಿ.

ಮೊದಲ ಮಳೆಗೆ ಅಕ್ಕು ತಲೆಯ ಮೇಲೆ ಬಿತ್ತಿನ ಭತ್ತದ ಬುಟ್ಟಿ ಹೊತ್ತು ಗೇಟಿಗೆ ಹೋದಳು. ವಾಚ್‌ಮ್ಯಾನ್ ನಗತೊಡಗಿದ. ಸುಕುಮಾರ ಓಡಿ ಬಂದ.

"ಅಕ್ಕ, ಇದು ಎಂತ ನೀವು ಮಾಡುವುದು? ಮಲಯಾಳದಲ್ಲಿ ವ್ಯವಸಾಯ ಹೇಳಿದ್ರೆ ಕಾರ್ಖಾನೆ. ಬೇಸಾಯಕ್ಕೆ ಅವರು ಕೃಷಿ ಹೇಳ್ತಾರೆ."

ಅಕ್ಕು ಕಮಾನನ್ನೂ ಅವನ ಮುಖವನ್ನೂ ನೋಡಿದಳು. "ನಿನಗೆ ಎರಡೂ ಭಾಷೆ ಬರ್ತದಲ್ಲ, ಸುಕುಮಾರ," ಎಂದಳು. ಮೋಸಗಾರ ಅಲ್ಲ ಅವನು. ಆ ಅವಸರದಲ್ಲಿ ಅವನ ಕಿವಿಗೂ ಎರಡು ಅರ್ಥ ಬಿದ್ದಿರಲಿಲ್ಲ.

ಕಾರ್ಖಾನೆಗಿಂತ ಮೊದಲು ಸೈರನ್ ಬಂತು. ಬೆಳಿಗ್ಗೆ ಕೆಲಸಕ್ಕೆ ಹತ್ತಲು ಒಮ್ಮೆ, ಸಂಜೆ ಬಿಡಲು ಒಮ್ಮೆ, ತನ್ನಷ್ಟಕ್ಕೆ ಕೂಗುತ್ತಿತ್ತು. ಬಂದದ್ದು ಒಂದೇ ಕಂಪೆನಿ, ಪ್ಲಾಸ್ಟಿಕ್ ಬಕೆಟಿನದ್ದು. ಅದೂ ವರ್ಷ ತುಂಬುವ ಮೊದಲೇ ಬಾಗಿಲು ಹಾಕಿತು. ಸೈರನ್ ನಿಲ್ಲಿಸಲು ಯಾರಿಗೂ ಆರ್ಡರ್ ಬರಲಿಲ್ಲ. ಸಂಜೆ ಅದು ಕೂಗಿದ ಮೇಲೆ ಕೆಲಸ ಬಿಟ್ಟವರು ರಸ್ತೆಯಲ್ಲಿ ಇಳಿದು ಬರುವ ಸದ್ದಿಗೆ ಕಿವಿ ಕಾಯುತ್ತಿತ್ತು. ಯಾರೂ ಇಳಿಯುತ್ತಿರಲಿಲ್ಲ. ಆದರೂ ನಮ್ಮ ಮನೆಯಲ್ಲಿ ಝುಹ್ರಾ ಆ ಹೊತ್ತಿಗೆ ಅಂಗಳದ ಕಡೆಯ ಬಾಗಿಲು ಹಾಕತೊಡಗಿದಳು.

ಬೋರ್‌ವೆಲ್ ಕೊರೆದದ್ದು ಅಕ್ಕುವಿನ ಪಾರೆಯಲ್ಲೇ. ಅಡಿಯಲ್ಲಿ ನೀರುಂಟು ಎಂದು ತುಂಬಿದ ಸಭೆಯಲ್ಲಿ ಅವಳೇ ಹೇಳಿದ್ದಳಲ್ಲ. ಯಂತ್ರ ಕೊರೆಯುವಾಗ ಬೂದಿ ಬಣ್ಣದ ಹುಡಿ ಹಾರಿತು, ಆಮೇಲೆ ಕೆಂಪು ಕೆಸರು, ಆಮೇಲೆ ತೆಂಗಿನ ಮರದೆತ್ತರ ನೀರು. ಕೆಳಗೆ ಸುರಂಗದಲ್ಲಿ ಆ ದಿನ ನೀರು ಕೆಂಪಾಗಿ ಬಂತು, ಬಟ್ಯ ಸತ್ತ ದಿನದ ಹಾಗೆ. ನಂತರ ಸಣಕಲಾಯಿತು, ಕೊನೆಗೆ ನಿಂತಿತು. ರಸ್ತೆಗೆ, ಗೋಡೆಗೆ, ಯಾರೂ ಇಲ್ಲದ ಶೆಡ್ಡುಗಳಿಗೆ ಎಳೆದು ಎಳೆದು ಬೋರೂ ಬತ್ತಿತು. ನಮಗೆ ಪಂಚಾಯತಿನ ಟ್ಯಾಂಕರ್ ಬಂತು.

ಅಕ್ಕು ಬೆಳಿಗ್ಗೆ ಬಗ್ಗಿ ಕೇಳುವುದನ್ನು ಬಿಡಲಿಲ್ಲ. ಉತ್ತರ ಮಾತ್ರ ಬರಲಿಲ್ಲ. ನೀರು ಕಳಕೊಂಡದ್ದಕ್ಕಿಂತ ಹೆಚ್ಚು ಅದು ಅವಳನ್ನು ತಿಂದಿತು. ಒಮ್ಮೆ ನಾನೇ ಹೋಗಿ ಬಾಯಿಟ್ಟು ಕೂಗಿದೆ. ಖಾಲಿ ಬಿಲ ಇನ್ನೂ ಜೋರಾಗಿ ಕೂಗಬೇಕಲ್ಲವೇ? ಎಂತದ್ದೂ ಇಲ್ಲ. ನನ್ನ ದನಿ ಒಳಗೆ ಹೋಯಿತು, ತಿರುಗಿ ಬರಲಿಲ್ಲ.

ದೇಲಂಪಾಡಿಯಲ್ಲಿ ಗಂಡನ ಮನೆಯಲ್ಲಿರುವ ಪಂಕಜಾಕ್ಷಿ ಫೋನ್ ಮಾಡಿದಳು. "ಕುಂಞಮ್ಮದಣ್ಣ, ನೀವಾದ್ರೂ ಹೇಳಿ. ಅಮ್ಮ ಇಲ್ಲಿಗೆ ಬರ್ಲಿ. ಅಲ್ಲಿ ನೀರೂ ಇಲ್ಲ, ಜನವೂ ಇಲ್ಲ."

ಹೇಳಲು ಹೋದೆ. ಅಕ್ಕು ಮನೆಯಲ್ಲಿರಲಿಲ್ಲ. ಮೇಲೆ ಹತ್ತಿ ನೋಡಿದರೆ ಕೆಲಸಗಾರರಿಲ್ಲದ ಪಾರ್ಕಿನ ನಡುವೆ, ಬತ್ತಿದ ಬೋರಿನ ಪೈಪಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಪೈಪಿನ ಬಾಯಿಗೆ ಮುಚ್ಚಿದ್ದ ಕಲ್ಲನ್ನು ಪಕ್ಕಕ್ಕೆ ಸರಿಸಿದ್ದಳು. ಆಗ ಮಣ್ಣು ಹೊತ್ತ ಹಳೆಯ ಬುಟ್ಟಿ ಜೊತೆಗಿತ್ತು.

"ಸುರಂಗದಿಂದ ಕೇಳ್ತಾ ಇಲ್ಲ ಅವರಿಗೆ," ಎಂದಳು. "ಇಲ್ಲಿ ಹತ್ತಿರ."

"ಎಂತ ಹತ್ತಿರ? ಅಕ್ಕು, ಅದು ಪ್ರತಿಧ್ವನಿ. ಎಷ್ಟು ಸಲ ಹೇಳಿದ್ದೇನೆ. ಕೇಳಿದ್ದನ್ನೇ ತಿರುಗಿ ಹೇಳುವುದು ಅದು."

ಅವಳು ಪೈಪಿಗೆ ಬಗ್ಗಿದಳು. "ಉಂಡಾ?"

ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಗಾಳಿ ಇರಲಿಲ್ಲ. ಹಗಲು ಬೆಳಕು. ಬಹಳ ಕೆಳಗಿನಿಂದ, ದಣಿದ ಗಂಡಸಿನ ದನಿ ಬಂತು.

"ಇಜ್ಜಿ."

ಅಕ್ಕುವಿಗೆ ಭಯವೇ ಆಗಲಿಲ್ಲ, ಅವಳ ಮುಖ ಅರಳಿತು. ಎಷ್ಟೋ ವರ್ಷಗಳಿಂದ ಬಾಯಲ್ಲೇ ಉಳಿದಿದ್ದ ಮಾತನ್ನು ಅವಳು ಪೈಪಿನೊಳಗೆ ಹೇಳಿದಳು: "ಹಾಗಾದ್ರೆ ಸಾಕು. ಬನ್ನಿ ಹೊರಗೆ, ಗಂಜಿ ಆರ್ತದೆ."

ಅಷ್ಟರಲ್ಲಿ ಕೆಲಸ ಬಿಡುವ ಸೈರನ್ ಕೂಗಿತು. ಅಕ್ಕು ಎದ್ದು ಬುಟ್ಟಿಯನ್ನು ತಲೆಗಿಟ್ಟು ತಾರು ರಸ್ತೆಯಲ್ಲಿ ಇಳಿಯತೊಡಗಿದಳು, ಒಮ್ಮೆಯೂ ಹಿಂದೆ ನೋಡದೆ. ನಾನೂ ಇಳಿದೆ. ಅವಳ ಬೆನ್ನಿಗೇ ನಡೆಯಲು ಧೈರ್ಯ ಬರಲಿಲ್ಲ. ನಡುವೆ ಒಬ್ಬರಿಗೆ ಜಾಗ ಬಿಟ್ಟು ನಡೆದೆ.