ನಾಲ್ಕನೇ ಮೂಲೆಯ ಫುಲಾ

೧೯೮೧ರಲ್ಲಿ ನಾನು ದಾಂಡೇಲಿಯ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ವಯಸ್ಸು ಇಪ್ಪತ್ತೊಂಬತ್ತು, ಊರು ಧಾರವಾಡ, ಸಿಟ್ಟು ಮೂಗಿನ ತುದಿಯಲ್ಲಿ. ಗಿರಣಿಯಲ್ಲಿ ಕೈಕಾಲು ಮುರಿದುಕೊಂಡವರು, ಲಕ್ವಾ ಹೊಡೆದವರು ನನ್ನ ರೋಗಿಗಳು. ನನ್ನ ಹುದ್ದೆಯ ಹೆಸರು ಯಾರ ನಾಲಿಗೆಗೂ ಒಗ್ಗಲಿಲ್ಲ. ಎಲ್ಲರಿಗೂ ನಾನು ‘ತಿಕ್ಕೋ ಬಾಯಾರ’. ಮೊದಮೊದಲು ಉರಿದುಬೀಳುತ್ತಿದ್ದೆ, ಆಮೇಲೆ ನಾನೇ ಹಾಗೆ ಹೇಳಿಕೊಳ್ಳತೊಡಗಿದೆ.

ಆ ವರ್ಷ ಮದ್ರಾಸ್ ಐ ಬಂತು. ದೇಶದೇಶ ಸುತ್ತಿಕೊಂಡು ಬಂದ ಕಣ್ಣುಬೇನೆ. ಪ್ರಾಣ ತೆಗೆಯುವಂಥದ್ದಲ್ಲ. ಕಣ್ಣು ಕೆಂಪಾಗಿ ಊದಿ, ರೆಪ್ಪೆಗೆ ರೆಪ್ಪೆ ಅಂಟಿ, ಒಂದು ವಾರ ಬೆಳಕು ನೋಡಲಾಗದಂತೆ ಮಾಡಿ ಹೋಗುತ್ತಿತ್ತು. ಬಜಾರಿನಲ್ಲಿ ಬಳೆ ಮಾರುವವರು, ಮೆಕ್ಯಾನಿಕ್ಕುಗಳು, ಬಸ್ಸಿನ ಕಂಡಕ್ಟರು, ಎಲ್ಲರಿಗೂ ಕಪ್ಪು ಕನ್ನಡಕ. ಮಟಮಟ ಮಧ್ಯಾಹ್ನದಲ್ಲಿ ಇಡೀ ಊರು ತಲೆ ತಗ್ಗಿಸಿ, ನಿದ್ದೆಗಣ್ಣಿನಲ್ಲಿ ಎಂಬಂತೆ ಮೆಲ್ಲಗೆ ನಡೆಯುತ್ತಿತ್ತು. ಮಾತೂ ಸಣ್ಣಗಾಗಿತ್ತು, ಯಾಕೋ.

“ಇದು ಕೈಯಿಂದ ಕಣ್ಣಿಗೆ ಹೋಗೂ ರೋಗ. ಮನಿಗೆ ಹೋಗಿ ನೋಡೂದು ಬಂದ್ ಮಾಡ್ರಿ,” ಎಂದರು ನಮ್ಮ ಹಿರಿಯ ಡಾಕ್ಟರು.

ನನ್ನ ಕೆಲಸವೆಲ್ಲ ಕೈಯಲ್ಲೇ. ಉಳಿದ ಮನೆಗಳನ್ನು ಬಿಟ್ಟೆ; ಒಂದು ಮನೆಗೆ ಮಾತ್ರ ಹೋಗುತ್ತೇನೆಂದು ಹಟ ಹಿಡಿದೆ. ಕೈ ಚೆನ್ನಾಗಿ ತೊಳೆದುಕೊಳ್ಳಿ ಎಂದು ಹೇಳಿ ಅವರು ಒಪ್ಪಿದರು.

ಆ ಮನೆ ಸಾಂಬ್ರಾಣಿ ಎಂಬ ಊರಿನಲ್ಲಿ ಬಸ್ಸಿಳಿದು ಅರ್ಧ ತಾಸು ನಡೆದರೆ ಸಿಗುವ ಒಂದು ಸಿದ್ದಿ ಕೇರಿಯಲ್ಲಿತ್ತು. ಜುಬೇದಾಬಿ ಎಂಬ ಐವತ್ತೈದರ ಹೆಣ್ಣುಮಗಳು. ಎದೆಯ ಕ್ಯಾನ್ಸರಿಗೆ ಆಪರೇಷನ್ ಆಗಿತ್ತು. ರೋಗ ಮತ್ತೆ ಮರಳಿ ಪುಪ್ಪುಸಕ್ಕೆ ಇಳಿದಿತ್ತು. ಬಲಗೈ ತೋಳಿನಿಂದ ಬೆರಳತನಕ ಬಾತಿತ್ತು. ಕಂಕುಳದ ಗಂಟುಗಳನ್ನು ತೆಗೆದ ಮೇಲೆ ನೀರು ಮೇಲಕ್ಕೆ ಹರಿಯದೆ ಕೈಯಲ್ಲೇ ನಿಲ್ಲುತ್ತದೆ. ಅದಕ್ಕೆ ಲಿಂಫೆಡೀಮಾ ಎನ್ನುತ್ತೇವೆ. “ಇನ್ನೇನೂ ಮಾಡೂ ಹಂಗಿಲ್ಲ, ಮನಿಯಾಗ ಚೊಲೊ ನೋಡ್ಕೋರಿ,” ಎಂದು ಡಾಕ್ಟರು ಕಳಿಸಿಬಿಟ್ಟಿದ್ದರು. ಗುಣವಾಗದವರ ಆರೈಕೆಗೆ ಪ್ಯಾಲಿಯೇಟಿವ್ ಕೇರ್ ಎಂಬ ಹೆಸರಿದೆ ಎಂದು ನಾನು ಕೇಳಿದ್ದೇ ಎಷ್ಟೋ ವರ್ಷಗಳ ಮೇಲೆ.

ಮೊದಲ ಎರಡು ಸಲ ನಾನು ಪುಸ್ತಕದ ಪ್ರಕಾರ ನಡೆದೆ. ಗೋಡೆಗೆ ಬೆರಳು ಊರಿ ಕೈ ಮೇಲೇರಿಸುವ ವ್ಯಾಯಾಮ ಹೇಳಿಕೊಟ್ಟೆ. ಪಾಪ, ಏದುಸಿರು ಬಿಡುತ್ತ ಮಾಡಿದರು. ಮೂರನೇ ಸಲ ಗೋಡೆಗೆ ಬೆನ್ನು ಕೊಟ್ಟು ಕೂತುಬಿಟ್ಟರು.

“ಬಾಯಾರ, ಕೈ ಮ್ಯಾಲೆತ್ತಿ ನಾ ಏನು ಮಾಡ್ಲಿ? ಮಾವಿನಕಾಯಿ ಹರಿಬೇಕೇನು? ನನಗ ಸೂಜಿ ಹಿಡೀಬೇಕಾಗೇತ್ರಿ.”

ಮಗಳು ಮುಮ್ತಾಜ್ ಎಂಟು ತಿಂಗಳ ಬಸುರಿ. ಹುಟ್ಟುವ ಕೂಸಿಗೆಂದು ಜುಬೇದಾಬಿ ಕೌದಿ ಹೊಲಿಯುತ್ತಿದ್ದರು. ಹಳೆ ಸೀರೆ, ಲಂಗ, ಅಂಗಿಯ ತುಂಡುಗಳನ್ನು ಅಂಚಿನಿಂದ ಜೋಡಿಸುತ್ತ ಜೋಡಿಸುತ್ತ ನಡುವಿಗೆ ಬಂದು ಮುಗಿಸಿದ್ದರು. ಉಳಿದದ್ದು ನಾಲ್ಕು ಮೂಲೆ. ಒಂದರ ಮೇಲೊಂದು ಬಣ್ಣದ ಬಟ್ಟೆ ಮಡಚಿ ಪ್ರತಿ ಮೂಲೆಗೂ ಒಂದು ಫುಲಾ, ಅಂದರೆ ಹೂವು, ಕೂಡಿಸಬೇಕು.

“ಅದೊಂದು ಇಲ್ದಿದ್ರ ಏನಾತು? ಕೂಸಿಗೆ ಬೆಚ್ಚಗಿದ್ರ ಸಾಕಲ್ಲ?” ಎಂದೆ ನಾನು, ದೊಡ್ಡ ಶಾಣ್ಯಾಳಂತೆ.

ತಾಯಿ ಮಗಳು ಮುಖ ಮುಖ ನೋಡಿಕೊಂಡರು. “ಫುಲಾ ಇಲ್ದ ಕೌದಿ ಬತ್ತಲೆ ಇದ್ದಂಗ್ರಿ,” ಎಂದಳು ಮುಮ್ತಾಜ್. ಅವಳು ತಾನೇ ಹೊಲಿಯುತ್ತೇನೆಂದರೂ ತಾಯಿ ಬಿಟ್ಟಿರಲಿಲ್ಲ.

ಅಂದೇ ನನ್ನ ಗುರಿ ಬದಲಾಯಿತು. ಭುಜವನ್ನು ಬಿಟ್ಟು ಬೆರಳು ಹಿಡಿದೆ. ಕೈಯನ್ನು ದಿಂಬಿನ ಮೇಲೆ ಎತ್ತರಕ್ಕಿಟ್ಟು, ಹಗುರಾಗಿ ಮೇಲ್ಮುಖವಾಗಿ ತಿಕ್ಕಿ, ಬೆರಳಿನಿಂದ ತೋಳಿನವರೆಗೆ ಬ್ಯಾಂಡೇಜ್ ಸುತ್ತುತ್ತಿದ್ದೆ; ನಾನು ಬಾರದ ದಿನಕ್ಕೆಂದು ಮುಮ್ತಾಜಳಿಗೂ ಸುತ್ತಲು ಕಲಿಸಿದೆ. ಸೂಜಿ ಜಾರದಂತೆ ಸೈಕಲ್ ಟ್ಯೂಬಿನ ತುಂಡಿನಿಂದ ಎರಡು ಬೆರಳಿಗೆ ಟೊಪ್ಪಿಗೆ ಮಾಡಿದೆ. ಎರಡು ವಾರದಲ್ಲಿ ಮುಂಗೈಯ ಸುತ್ತಳತೆ ಒಂದು ಇಂಚು ಇಳಿಯಿತು. ಮೂರು ಫುಲಾ ಆದವು. ಆ ಸಂತೋಷಕ್ಕೆ ಬಸ್ಸಿನಲ್ಲಿ ಒಬ್ಬಳೇ ನಗುತ್ತ ಕೂತಿರುತ್ತಿದ್ದೆ.

ಆಗಲೇ ನಾನು ತಪ್ಪು ಮಾಡಿದ್ದು. ಒಂದು ಬೆಳಿಗ್ಗೆ ಬಸ್ಸಿನಲ್ಲಿ ಎಡಗಣ್ಣು ಚುರುಚುರು ಎಂದಿತು. ಧೂಳು ಎಂದುಕೊಂಡು ತಿಕ್ಕಿಕೊಂಡೆ. ಕನ್ನಡಿಯಲ್ಲಿ ನೋಡಿರಲಿಲ್ಲ. ನಿಜ ಹೇಳಬೇಕೆಂದರೆ, ನೋಡಲು ಮನಸ್ಸಿರಲಿಲ್ಲ. ನೋಡಿದರೆ ವಾಪಸ್ ಹೋಗಬೇಕಿತ್ತು. ಮನೆ ಮುಟ್ಟಿದಾಗ ಜುಬೇದಾಬಿ ಉಸಿರಿಗೆ ಒದ್ದಾಡುತ್ತಿದ್ದರು. ಕೈ ತೊಳೆಯುವುದನ್ನೂ ಮರೆತು ಓಡಿಹೋಗಿ ಎತ್ತಿ ಕೂಡಿಸಿದೆ, ನನ್ನ ಸೆರಗಿನಿಂದಲೇ ಅವರ ಮುಖ ಒರೆಸಿದೆ.

ಸಂಜೆಗೆ ನನ್ನ ಎರಡೂ ಕಣ್ಣು ಮುಚ್ಚಿಹೋದವು. ಮೂರನೇ ದಿನ ಸಾಂಬ್ರಾಣಿಯಿಂದ ಸುದ್ದಿ ಬಂತು: ತಾಯಿಗೂ ಮಗಳಿಗೂ ಕಣ್ಣು ಬಂದಾವ. ಡಾಕ್ಟರು ಬೈಯಲಿಲ್ಲ. “ಆಕಿಗೆ ಉಳಿದದ್ದ ಹತ್ತು ಹದಿನೈದು ದಿನ, ಬಾಯಿ. ಅದರಾಗ ಒಂದು ವಾರ ನೀವು ತಗೊಂಡ್ರಿ,” ಎಂದರು ಅಷ್ಟೇ. ಬೈದಿದ್ದರೆ ಎಷ್ಟೋ ಮೇಲಿತ್ತು. ಅತ್ತೆ. ಅತ್ತರೆ ಕಣ್ಣು ಇನ್ನಷ್ಟು ಉರಿಯಿತು.

ಐದನೇ ದಿನ ತಡೆಯಲಾಗದೆ ಹೊರಟೆ. ಕರಿ ಕನ್ನಡಕದ ಹಿಂದೆ ಸಾಗವಾನಿ ಮರಗಳು ನೀರಿನಲ್ಲಿ ನಿಂತಂತೆ ಅಲುಗುತ್ತಿದ್ದವು. ದಾರಿಯಲ್ಲಿ ಯಾರೋ ನಮಸ್ಕಾರ ಎಂದರು, ಯಾರೆಂದು ತಿಳಿಯಲಿಲ್ಲ. ಅಂಗಳದಲ್ಲಿ ಹಲಸಿನ ಮರದ ನೆರಳಿಗೆ ಚಾಪೆ ಹಾಸಿ ತಾಯಿ ಮಗಳು ಕೂತಿದ್ದರು, ಇಬ್ಬರ ಕಣ್ಣೂ ಮುಚ್ಚಿತ್ತು. ಕೌದಿ ಇಬ್ಬರ ಕಾಲ ಮೇಲೂ ಹರಡಿತ್ತು. ನಾನು ಅಂಗಳದ ಅಂಚಿನಲ್ಲೇ ನಿಂತೆ.

“ತಪ್ಪಾತ್ರಿ ಜುಬೇದಾಬಿ. ನನ್ನಿಂದನ ನಿಮಗ ಬಂತು.”

“ಗೊತ್ತೈತಿ,” ಎಂದರು. ಚಾಪೆಯ ಮೇಲೆ ಸೂಜಿ ತಡಕಿದರು. ಆಮೇಲೆ, “ನಿಮಗೂ ಬಂದಾವ, ನನಗೂ ಬಂದಾವ. ಇನ್ಯಾಕ ದೂರ ನಿಂದರ್ತೀರಿ? ಬರ್ರಿ, ಸೂಜಿಗೆ ದಾರ ಹಾಕ್ರಿ.”

ಹಾಕುವುದು ಹೇಗೆ? ಮೂವರಿಗೂ ಸೂಜಿಯ ಕಣ್ಣು ಕಾಣದು. ನಾನು ಹತ್ತು ಸಲ ಸೋತೆ. ಜುಬೇದಾಬಿ ತಮ್ಮ ಎಡಗೈ ಅಂಗೈ ಮೇಲೆ ದಾರ ಇಟ್ಟುಕೊಂಡು ಮುಂದೆ ಚಾಚಿದರು. “ಸೂಜಿ ಕಣ್ಣು ದಾರದ ಮ್ಯಾಲಿಟ್ಟು ಹಿಂದ ಮುಂದ ತಿಕ್ಕ್ರಿ. ತಿಕ್ಕೂದು ನಿಮಗ ಬರ್ತದಲ್ಲ!” ತಿಕ್ಕಿದೆ. ದಾರ ಸಣ್ಣ ಕುಣಿಕೆಯಾಗಿ ತಾನೇ ಕಣ್ಣಿನೊಳಗಿಂದ ಎದ್ದು ಬಂತು! ಮೂವರೂ ನಕ್ಕೆವು. ನಗು ಹೋಗಿ ಜುಬೇದಾಬಿಗೆ ಕೆಮ್ಮು ಹತ್ತಿತು.

ನಾನು ಅವರ ಮೊಣಕೈಗೆ ನನ್ನ ತೊಡೆಯನ್ನೇ ದಿಂಬು ಮಾಡಿ ಕೂತೆ. ಮುಮ್ತಾಜ್ ಬಟ್ಟೆ ಬಿಗಿಹಿಡಿದಳು. ಜುಬೇದಾಬಿ ಕಣ್ಣು ಮುಚ್ಚಿಯೇ ಹೊಲಿದರು. ನಾಲ್ಕು ಹೊಲಿಗೆ, ಆಮೇಲೆ ವಿಶ್ರಾಂತಿ, ಮತ್ತೆ ನಾಲ್ಕು. ಯಾವ ಬಣ್ಣದ ಮೇಲೆ ಯಾವ ಬಣ್ಣ ಕೂತಿದೆ ಎಂದು ನಮ್ಮಲ್ಲಿ ಒಬ್ಬರಿಗೂ ತಿಳಿಯದು. ಎಲೆಗಳ ಸದ್ದು, ಅವರ ಉಸಿರು, ಬಟ್ಟೆಯೊಳಗೆ ದಾರ ಹರಿಯುವ ಸಪ್ಪಳ. ಎಷ್ಟು ಹೊತ್ತಾಯಿತೋ, ನನಗೆ ಇಂದಿಗೂ ಲೆಕ್ಕ ಸಿಕ್ಕಿಲ್ಲ. ಕೊನೆಗೆ ದಾರವನ್ನು ಹಲ್ಲಿನಿಂದ ಕಡಿದರು, ಬೆರಳಿನಿಂದ ಫುಲಾ ಸವರಿ ನೋಡಿದರು.

“ಆತು. ಇನ್ನ ಈ ಪಟ್ಟಿ ಬಿಚ್ಚ್ರಿ, ಬಾಯಾರ.”

“ಬಿಚ್ಚಿದ್ರ ಮತ್ತ ಬಾವು ಏರ್ತದ್ರಿ.”

“ಏರ್ಲಿ. ಕೆಲಸ ಮುಗೀತಲ್ಲ. ಇಷ್ಟು ದಿನ ಕೈ ತಿಕ್ಕೀರಿ. ಇವತ್ತ ಸುಮ್ನ ಹಿಡ್ಕೊಂಡು ಕುಂದರ್ರಿ.”

ನನಗೆ ಒಪ್ಪಿಗೆಯಾಗಲಿಲ್ಲ. ವಾದಿಸಲು ಬಾಯಿ ತೆರೆದೆ. ಮುಮ್ತಾಜ್ ನನ್ನ ಮೊಣಕಾಲು ಮುಟ್ಟಿ ಬೇಡವೆಂದಳು. ಬ್ಯಾಂಡೇಜ್ ಸುತ್ತು ಸುತ್ತಾಗಿ ಬಿಚ್ಚಿದೆ, ಕೈ ಹಿಡಿದುಕೊಂಡು ಕೂತೆ. ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು. ಏನೂ ಮಾಡದೆ ಒಬ್ಬ ರೋಗಿಯ ಕೈ ಹಿಡಿದದ್ದು ಅದೇ ಮೊದಲು.

ಆರು ದಿನಕ್ಕೆ ಅವರು ತೀರಿಕೊಂಡರು. ಮತ್ತೆರಡು ವಾರಕ್ಕೆ ಹುಟ್ಟಿದ ಹೆಣ್ಣುಕೂಸನ್ನು ಅವರು ನೋಡಲಿಲ್ಲ.

ಮುಂದೆ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದೆ. ಯಾವ ರೋಗಿಯ ಹತ್ತಿರ ಹೋದರೂ ನಿಮಗೆ ಈ ಕೈಯಿಂದ ಏನು ಮಾಡಬೇಕೆಂದಿದೆ ಎಂದು ಮೊದಲು ಕೇಳುತ್ತಿದ್ದೆ. ಇನ್ನೊಂದು ಪ್ರಶ್ನೆಗೆ ಧೈರ್ಯ ಬೇಕಾಗುತ್ತಿತ್ತು: ಸಾಕೆನಿಸಿದಾಗ ಹೇಳುತ್ತೀರಾ? ಕೇಳಿದವರೆಲ್ಲ ಸಮಯ ಬಂದಾಗ ಹೇಳಿದರು. ಜುಬೇದಾಬಿಯನ್ನು ಮಾತ್ರ ನಾನು ಹಾಗೆ ಕೇಳಿರಲಿಲ್ಲ, ಅವರೇ ಹೇಳಬೇಕಾಯಿತು.