ಜಾತಕದೊಳಗೆ ಸೇರಿಕೊಂಡ ಯುದ್ಧದ ಗಂಟೆ

ಕಳೆದ ಗುರುವಾರ ಬೆಳ್ತಂಗಡಿಯಲ್ಲಿ ಒಬ್ಬ ಹೆಂಗಸು ನನಗೆ ಬೆಲ್ಲ ನೀರು ಕೊಟ್ಟು, ನಾನು ಕುಡಿದು ಲೋಟ ಕೆಳಗಿಡುವವರೆಗೆ ಕಾದು, ಆಮೇಲೆ ಕೇಳಿದರು:

"ಅಲ್ಲ ಮಾರಾಯ್ರೆ, ಹೆಣ್ಣು ಖರ್ಚಾಗದಿದ್ರೆ ಗಡಿಯಾರದ ಮುಳ್ಳನ್ನೇ ತಿರುಗಿಸುದಾ?"

ನನ್ನ ಬಳಿ ಉತ್ತರ ಇತ್ತು. ಸರಿಯಾದ ಉತ್ತರವೇ ಇತ್ತು. ಆದರೆ ಅದನ್ನು ಹೇಳಬೇಕಾದ ದಿನ ಬಾಯಿ ಮುಚ್ಚಿಕೊಂಡು, ಯಾರೂ ನಂಬದ ದಿನ ಹೇಳಲಿಕ್ಕೆ ಹೋದವನು ನಾನು.

ವಾರ ವಾರ ಈ ಜಾಗದಲ್ಲಿ ಬಸ್ಸು, ರಸ್ತೆ, ಸಂತೆ, ಹೋಟೆಲಿನ ಚಹಾ ಎಂದು ಊರವರನ್ನೆಲ್ಲ ತರಾಟೆಗೆ ತೆಗೆದುಕೊಳ್ಳುತ್ತಾ ಬಂದಿದ್ದೇನೆ. ಈ ವಾರ ನನ್ನದೇ ಸರದಿ. (ಮುದುಕನ ಗೋಳು ಬೇಡವೆಂದಾದರೆ ಪುಟ ತಿರುಗಿಸಿ. ಆದರೆ ಯುದ್ಧದ ಕಾಲದಲ್ಲಿ ಹುಟ್ಟಿದ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ತಿರುಗಿಸಬೇಡಿ.)

ಕಿರಿಯರಿಗೆ ಗೊತ್ತಿರಲಿಕ್ಕಿಲ್ಲ. ಎರಡನೇ ಮಹಾಯುದ್ಧದ ನಡುವೆ ಒಂದು ದಿನ ಸರಕಾರದ ಹುಕುಂ ಬಂತು. ದೇಶದ ಗಡಿಯಾರಗಳೆಲ್ಲ ಒಂದು ಗಂಟೆ ಮುಂದೆ ಹೋಗಬೇಕು. ಹೋದವು. ಏಳು ಇದ್ದದ್ದು ಎಂಟಾಯಿತು. ಯುದ್ಧ ಮುಗಿದಾಗ ಇನ್ನೊಂದು ಹುಕುಂ, ಮುಳ್ಳುಗಳೆಲ್ಲ ಹಿಂದೆ ಬಂದವು. ನಡುವಿನ ಮೂರು ವರ್ಷ ಸರಕಾರದ್ದೊಂದು ಗಂಟೆ, ಸೂರ್ಯನದ್ದೊಂದು ಗಂಟೆ.

ನಾನಾಗ ಮೂಡಬಿದ್ರೆಯಲ್ಲಿ ಒಂದು ಬಸ್ ಕಂಪೆನಿಯ ಏಜೆಂಟ್. ಹೈಸ್ಕೂಲು ಮುಗಿಸಿದವನು, ಇಂಗ್ಲಿಷ್ ಹುಕುಂ ಓದಬಲ್ಲವನು. ಆಫೀಸಿನ ಗೋಡೆ ಗಡಿಯಾರಕ್ಕೆ ಕೀಲಿ ಕೊಡುವ ಅಧಿಕಾರ ನನ್ನೊಬ್ಬನದು. ಬಸ್ಸು ಹೊರಡುವುದು ಸರಕಾರದ ಗಂಟೆಗೆ, ಜನ ಏಳುವುದು ಕೋಳಿ ಕೂಗಿದಾಗ. ಬಂಟ್ವಾಳದ ಬಸ್ಸಿಗೆಂದು ಗಂಟು ಹೊತ್ತು ಬಂದವರು ಬರೀ ಧೂಳು ನೋಡಿ ಹಿಂದೆ ಹೋಗುತ್ತಿದ್ದರು. ಹಾಗಾಗಿ ನಾನು ದಿನವೂ ಬಾಗಿಲಲ್ಲಿ ನಿಂತು ಕೂಗುತ್ತಿದ್ದೆ: "ನಾಳೆಯ ಬಸ್ಸು ಹೊಸ ಎಂಟು, ಹಳೇ ಏಳು! ಹೊಸ ಎಂಟು, ಹಳೇ ಏಳು!"

ಒಬ್ಬರು ಅಜ್ಜ ಹೇಳಿದ್ದರು, "ಹಳೇ ಏಳು ಸಾಕು ನನಗೆ. ಹೊಸತ್ತು ನೀನೇ ಇಟ್ಟುಕೊ ಮಾರಾಯ."

ಆ ಮೂರು ವರ್ಷಗಳ ಒಳಗೆ ನನ್ನ ತಮ್ಮನಿಗೆ ಮಗಳು ಹುಟ್ಟಿದಳು. ವಾರಿಜ ಎನ್ನೋಣ. (ನಿಜವಾದ ಹೆಸರು ಬೇರೆ.) ನಾವು ಆಗ ಒಟ್ಟಿಗೆ ಇದ್ದೆವು. ಒಳಗಿನಿಂದ ಮಗು ಅತ್ತದ್ದು ಕೇಳಿದ ಕೂಡಲೇ ಕೈಗಡಿಯಾರ ನೋಡಿದೆ. ಬೆಳಗಿನ ಒಂಬತ್ತೂ ಮುಕ್ಕಾಲು. ನೋಡಿದ್ದರಲ್ಲಿ ತಪ್ಪಿಲ್ಲ. ಅಷ್ಟು ಮಾತ್ರ ಇವತ್ತಿಗೂ ಧೈರ್ಯವಾಗಿ ಹೇಳಬಲ್ಲೆ.

ಆಗ ಜಾತಕ ಬರೆಸಲಿಲ್ಲ. ಅಕ್ಕಿಗೇ ಪರದಾಡುವ ಕಾಲ, ಜಾತಕ ಯಾರಿಗೆ ಬೇಕಿತ್ತು? ಹುಡುಗಿ ಲಂಗ ಬಿಟ್ಟು ಸೀರೆ ಉಡುವ ವಯಸ್ಸಿಗೆ ಬಂದಾಗ ತಮ್ಮ ನನ್ನನ್ನು ಕರೆದುಕೊಂಡು ಬಂಟ್ವಾಳದ ಜೋಯಿಸರಲ್ಲಿಗೆ ಹೋದ.

"ಟೈಂ ಸರಿ ಉಂಟಲ್ಲ?" ಎಂದು ಕೇಳಿದರು ಜೋಯಿಸರು.

"ಅಣ್ಣನೇ ನೋಡಿದ್ದು ಜೋಯಿಸರೇ," ಎಂದ ತಮ್ಮ. "ಇವನ ಗಡಿಯಾರ ನೋಡಿಯೇ ಮೂಡಬಿದ್ರೆಯಲ್ಲಿ ಬಸ್ಸು ಬಿಡುದು."

ನಾನು ಉಬ್ಬಿದೆ. ಯುದ್ಧ ಮುಗಿದು ಹತ್ತು ವರ್ಷದ ಮೇಲಾಗಿತ್ತು. ಮೂರು ವರ್ಷ ಗಂಟಲು ಹರಿಯುವಂತೆ ಕೂಗಿದ ಲೆಕ್ಕ ಆ ಹೊತ್ತಿಗೆ ನನ್ನ ತಲೆಗೆ ಬರಲೇ ಇಲ್ಲ.

ಜೋಯಿಸರು ಅಟ್ಟದಿಂದ ಹಳೆಯ ಪಂಚಾಂಗ ಇಳಿಸಿದರು. ಆ ದಿನ ಪುಷ್ಯ ನಕ್ಷತ್ರ ಮುಗಿದು ಆಶ್ಲೇಷಾ ಹಿಡಿದದ್ದು ಒಂಬತ್ತು ಗಂಟೆ ಕಳೆದು ಸ್ವಲ್ಪ ಹೊತ್ತಿಗೆ. ಮಗು ಹುಟ್ಟಿದ್ದು ಒಂಬತ್ತೂ ಮುಕ್ಕಾಲಿಗೆ. ಅಲ್ಲಿಗೆ ತೀರ್ಮಾನವಾಯಿತು. "ಛೆ, ಸ್ವಲ್ಪದರಲ್ಲಿ ತಪ್ಪಿತು," ಎಂದರು ಅವರು.

ಆಶ್ಲೇಷಾದ ಸೊಸೆ ಬಂದರೆ ಅತ್ತೆ ಉಳಿಯುವುದಿಲ್ಲ ಎಂಬ ಮಾತು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಹುಡುಗನ ತಾಯಿ ಬದುಕಿದ್ದರೆ ಆ ಮನೆಯ ಬಾಗಿಲು ಮುಚ್ಚಿತು. ಹಾಗಾಗಿ ನಾವು ಸಂಬಂಧ ಹುಡುಕುವಾಗ ಹುಡುಗನ ಓದು ಕೇಳಲಿಲ್ಲ, ಕೆಲಸ ಕೇಳಲಿಲ್ಲ. ಮೊದಲು "ತಾಯಿ ಇದ್ದಾರಾ?" ಎಂದು ಕೇಳಿದೆವು. ಇದ್ದಾರೆ ಎಂದರೆ ಮುಖ ಸಣ್ಣ ಮಾಡಿಕೊಂಡೆವು. ಇನ್ನೊಬ್ಬರ ತಾಯಿ ಬದುಕಿರುವುದಕ್ಕೆ ಬೇಸರಪಡುವುದೆಂದರೆ ಎಂಥ ಬಾಳು ಹೇಳಿ?

ವಿಟ್ಲದ ಮದುವೆ ದಲ್ಲಾಳಿಯೊಬ್ಬ ನಗುತ್ತಾ ಹೇಳಿದ, "ತಾಯಿ ಇಲ್ಲದ ಗಂಡು ಒಂದು ಉಂಟು. ಆದ್ರೆ ಅವನಿಗೆ ಎರಡು ಹೆಂಡತಿಯರೂ ಇಲ್ಲ, ಇಬ್ಬರೂ ತೀರಿಹೋದದ್ದು. ಆಗ್ಬಹುದಾ?"

ತಮ್ಮ ಕೂಡಲೇ ಎದ್ದು ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಹೋದ ವರ್ಷದ ಒಂದು ಬೆಳಿಗ್ಗೆ ನಾನು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಬನ್ಸ್ ತಿನ್ನುತ್ತಿದ್ದೆ. ಎದುರಿನ ಬೆಂಚಿನಲ್ಲಿ ಕೂತ ಹಳೆಯ ಪ್ರಯಾಣಿಕರೊಬ್ಬರು ನನ್ನ ಗುರುತು ಹಿಡಿದು ಇಡೀ ಹೋಟೆಲಿಗೆ ಕೇಳುವಂತೆ ಹೇಳಿದರು, "ಇವ್ರನ್ನು ಗೊತ್ತುಂಟಾ ನಿಮಗೆ? ಯುದ್ಧದ ಟೈಮಲ್ಲಿ ನಮ್ಮ ಒಂದು ಗಂಟೆ ನಿದ್ರೆ ತಿಂದ ಜನ! ಹೊಸ ಎಂಟು, ಹಳೇ ಏಳು... ಗಿಳಿಯ ಹಾಗೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಿದ್ದ ಹಾಗೆಯೇ ಕೈಯಲ್ಲಿದ್ದ ಬನ್ಸನ್ನು ತಟ್ಟೆಗೆ ಇಟ್ಟೆ.

ವಾರಿಜ ಹುಟ್ಟಿದ ಒಂಬತ್ತೂ ಮುಕ್ಕಾಲು ಹೊಸತು. ಹಳೆಯದು ಎಂಟೂ ಮುಕ್ಕಾಲು. ಪಂಚಾಂಗ ನಡೆಯುವುದು ಸೂರ್ಯನ ಗಂಟೆಗೆ, ಜೋಯಿಸರು ಅದರಲ್ಲಿ ನೋಡಬೇಕಾಗಿದ್ದದ್ದು ಹಳೆಯದನ್ನು. ಎಂಟೂ ಮುಕ್ಕಾಲಿಗೆ ಆಕಾಶದಲ್ಲಿ ಇದ್ದದ್ದು ಪುಷ್ಯ. ಹತ್ತು ಮನೆಯವರು ಹುಡುಕಿಕೊಂಡು ಬರುವ ನಕ್ಷತ್ರ.

ತಮ್ಮನ ಮನೆ ಈಗ ನಮ್ಮಲ್ಲಿಂದ ಎರಡು ಹಿತ್ತಲು ದಾಟಿದರೆ ಸಿಗುತ್ತದೆ. ಕೈ ತೊಳೆದು ನೇರ ಅಲ್ಲಿಗೆ ಹೋಗಬೇಕಿತ್ತು. ಹೋಗಲಿಲ್ಲ. ನಾಳೆ ಹೇಳುವ ಎಂದುಕೊಂಡೆ. ನಾಳೆ ಮಳೆ. ನಾಡಿದ್ದು ತಮ್ಮನ ಮುಖ ಸರಿ ಇರಲಿಲ್ಲ. ಆಮೇಲೆ ಹಬ್ಬ ಬಂತು, ಹಬ್ಬದ ದಿನ ಯಾಕೆ ಇದೆಲ್ಲ? ಹೇಳದಿರಲು ಮನುಷ್ಯನಿಗೆ ಎಷ್ಟು ಒಳ್ಳೆಯ ಕಾರಣಗಳು ಸಿಗುತ್ತವೆ ನೋಡಿ.

ನಿಜವಾದ ಕಾರಣ ಬೇರೆ ಇತ್ತು. ನನಗೆ ಜಮೀನಿಲ್ಲ, ಪದವಿ ಇಲ್ಲ. ಊರಲ್ಲಿ ನನಗಿದ್ದದ್ದು ಒಂದೇ ಹೆಸರು, ಇವನ ಟೈಂ ತಪ್ಪುವುದಿಲ್ಲ ಎಂಬುದು. ಆ ಹೆಸರನ್ನು ನನ್ನ ಬಾಯಿಂದಲೇ ಹಾಳು ಮಾಡಿಕೊಳ್ಳುವ ಧೈರ್ಯ ಬರಲಿಲ್ಲ. ಬದಲಿಗೆ, ನಕ್ಷತ್ರ ನೋಡಿ ಮದುವೆ ಮಾಡುವ ಕಾಲ ಹೋಯಿತು, ಇದೆಲ್ಲ ಮೂಢನಂಬಿಕೆ ಎಂದು ನನಗೆ ನಾನೇ ಭಾಷಣ ಮಾಡಿಕೊಂಡೆ. (ಹುಡುಗಿಯದ್ದು ಆಶ್ಲೇಷಾ ಎಂದಾಗ ನಂಬಿದ್ದೆ. ತಪ್ಪು ನನ್ನದೆಂದು ಗೊತ್ತಾದ ಮೇಲೆ ನಂಬಿಕೆ ಹೋಯಿತು. ಅನುಕೂಲಕ್ಕೆ ತಕ್ಕ ನಾಸ್ತಿಕ!)

ಹೀಗೆ ನಾನು ಸುಮ್ಮನಿದ್ದಾಗಲೇ ಬೆಳ್ತಂಗಡಿಯ ಸಂಬಂಧ ತಾನಾಗಿಯೇ ಬಂದದ್ದು. ಹುಡುಗನಿಗೆ ಅಲ್ಲಿ ಸಣ್ಣ ಜವಳಿ ಅಂಗಡಿ. ತಂದೆ ಇಲ್ಲ, ತಾಯಿ ರುಕ್ಮಿಣಿಯಮ್ಮ ಒಬ್ಬರೇ ಕಷ್ಟದಲ್ಲಿ ಸಾಕಿದ್ದು. ಹುಡುಗ ಬಂದ, ನೋಡಿದ, ಒಪ್ಪಿದ. ವಾರಿಜಳೂ ಒಪ್ಪಿದಳು. ಅವಳು ಅಷ್ಟು ನಗುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ. ಆಮೇಲೆ ಜಾತಕ ಹೋಯಿತು. ವಾರದೊಳಗೆ ತಿರುಗಿ ಬಂತು.

ಹೆಣ್ಣು ನೋಡುವ ದಿನ ಹಾಕಲಿಕ್ಕೆಂದು ನೆರೆಮನೆಯಿಂದ ಕಿವಿಯ ಬೆಂಡೋಲೆ ತಂದಿದ್ದರು. ಇನ್ನೊಮ್ಮೆ ಗಂಡಿನ ಕಡೆಯವರು ಬಂದರೆ ಬೇಕಾಗುತ್ತದೆ ಎಂದು ವಾರಿಜ ಇಟ್ಟುಕೊಂಡಿದ್ದಳು. ಜಾತಕ ತಿರುಗಿ ಬಂದ ದಿನ ಅದನ್ನು ಒಂದು ಕಾಗದದ ಚೂರಿನಲ್ಲಿ ಸುತ್ತಿಕೊಂಡು ತಾನೇ ಹೋಗಿ ಕೊಟ್ಟು ಬಂದಳು. ನನ್ನ ಅಂಗಳದಲ್ಲೇ ದಾಟಿ ಹೋದದ್ದು. "ಊಟ ಆಯ್ತಾ ದೊಡ್ಡಪ್ಪ?" ಎಂದು ಕೇಳಿಯೂ ಹೋದಳು.

ಆ ಮೇಲೆ ತಡೆಯಲಾಗಲಿಲ್ಲ. ಬೆಳಗಿನ ಬಸ್ಸು ಹಿಡಿದು ಬಂಟ್ವಾಳಕ್ಕೆ ಹೋದೆ. ಜೋಯಿಸರಿಗೆ ಈಗ ಕಣ್ಣು ಸರಿಯಿಲ್ಲ. ಎಲ್ಲವನ್ನೂ ಕೇಳಿ ಹಳೆಯ ಪಂಚಾಂಗವನ್ನು ನನ್ನಿಂದಲೇ ಓದಿಸಿದರು.

"ನಾನು ಕೇಳ್ಬೇಕಿತ್ತು, ಹೊಸತಾ ಹಳತಾ ಅಂತ. ಬಸ್ಸಿನ ಏಜೆಂಟರೇ ಹೇಳಿದ್ದಲ್ಲ ಅಂತ ಬಿಟ್ಟದ್ದು," ಎಂದರು. ಮತ್ತೆ ಮೆಲ್ಲಗೆ, "ಆ ವರ್ಷಗಳಲ್ಲಿ ಹುಟ್ಟಿದ ಇನ್ನೆಷ್ಟು ಮಕ್ಕಳದ್ದು ಹೀಗೆ ಬರ್ದು ಕೊಟ್ಟಿದ್ದೇನೋ ದೇವರಿಗೇ ಗೊತ್ತು."

ಹೊಸ ಜಾತಕ ಬರೆದುಕೊಟ್ಟರು. ಅದನ್ನು ಹಿಡಿದುಕೊಂಡು ಅಲ್ಲಿಂದಲೇ ಬೆಳ್ತಂಗಡಿಗೆ ಹೋದೆ. ಬೆಲ್ಲ ನೀರು ಕೊಟ್ಟವರು ಈ ರುಕ್ಮಿಣಿಯಮ್ಮನೇ. ಯುದ್ಧ, ಹುಕುಂ, ಹೊಸ ಗಂಟೆ, ಹಳೆ ಗಂಟೆ ಎಲ್ಲವನ್ನೂ ವಿವರಿಸಿದೆ. ಅವರಿಗೆ ಆ ಕಾಲ ನೆನಪಿತ್ತು. ಆದರೂ ಕಾಗದ ಮುಟ್ಟಲಿಲ್ಲ.

"ಹುಟ್ಟಿದಾಗ ನೀವೇ ನೋಡಿದ್ದು. ಜಾತಕ ಬರೆಸುವಾಗ ನೀವೇ ಹೇಳಿದ್ದು. ಇಷ್ಟು ವರ್ಷ ಆಶ್ಲೇಷಾ ಇದ್ದ ಹುಡುಗಿ ನಾವು ಬೇಡ ಅಂದ ಮೇಲೆ ಪುಷ್ಯ ಆದದ್ದು ಹೇಗೆ?"

"ತಪ್ಪು ನನ್ನದಮ್ಮ."

"ಯಾವಾಗ ಗೊತ್ತಾದದ್ದು ತಪ್ಪು ಅಂತ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಹೋದ ವರ್ಷ ಎಂದೆ.

ರುಕ್ಮಿಣಿಯಮ್ಮ ಲೋಟ ಎತ್ತಿಕೊಂಡರು. "ಮತ್ತೆ ಒಂದು ವರ್ಷ ಬಾಯಲ್ಲಿ ಎಂತ ಇಟ್ಟುಕೊಂಡಿದ್ರಿ? ಹುಡುಗಿ ಒಳ್ಳೆಯವಳು, ನನ್ನ ಮಗನಿಗೆ ಈಗಲೂ ಮನಸ್ಸುಂಟು. ಆದ್ರೆ ಇದನ್ನು ನಂಬಿ ಹೇಗೆ ಒಳಗೆ ಕರ್ಕೊಳ್ಳುದು? ನಾನೂ ಬದುಕ್ಬೇಕಲ್ಲ?"

ಅವರನ್ನು ದೂರಲಾರೆ. ಅವರ ಜಾಗದಲ್ಲಿ ನಾನಿದ್ದರೂ ನನ್ನನ್ನು ನಂಬುತ್ತಿರಲಿಲ್ಲ.

ಸಂಜೆ ತಮ್ಮನ ಮನೆಗೆ ಹೋಗಿ, ಅಪ್ಪ ಮಗಳು ಇಬ್ಬರ ಎದುರಿಗೂ ಎಲ್ಲ ಹೇಳಿದೆ. ತಮ್ಮ ಎದ್ದು ಹೊರಗೆ ಹೋದ. ಅವನು ಬೈಯುತ್ತಾನೆ, ಹೊಡೆಯಲೂಬಹುದು ಎಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು. ವಾರಿಜ ಪಲ್ಯಕ್ಕೆ ಅಲಸಂಡೆ ಮುರಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಮುಂಡಾಜೆಯಲ್ಲಿ ಒಂದು ಮದುವೆಗೆ ಹೋಗಿದ್ದೆವಲ್ಲ ದೊಡ್ಡಪ್ಪ," ಎಂದಳು. "ಅಲ್ಲಿ ಒಬ್ಬರು ಅಜ್ಜಿಯ ಕಾಲಿಗೆ ನಮಸ್ಕಾರ ಮಾಡ್ಲಿಕ್ಕೆ ಬಗ್ಗಿದೆ. ಅವ್ರು ಕಾಲು ಹಿಂದೆ ಎಳ್ಕೊಂಡ್ರು. ಅವ್ರಿಗೆ ಮದುವೆಯಾಗ್ಬೇಕಾದ ಮಗ ಇದ್ದ, ನನ್ನ ನಕ್ಷತ್ರ ಯಾರೋ ಹೇಳಿದ್ರು ಕಾಣ್ತದೆ. ಅವತ್ತಿಂದ ನಾನು ದೊಡ್ಡವರ ಹತ್ರ ಹೋಗುದಿಲ್ಲ. ದೂರದಿಂದ ಕೈ ಮುಗಿತೇನೆ."

ನಾನು ಕೆಳಗೆ ಬಿದ್ದ ಒಂದು ಅಲಸಂಡೆ ಹೆಕ್ಕಿ ಬುಟ್ಟಿಗೆ ಹಾಕಿದೆ.

"ಈ ಮಳೆಗಾಲದಲ್ಲಿ ಅಮ್ಮನಿಗೆ ಜ್ವರ ಬಂತಲ್ಲ? ನನ್ನ ನಕ್ಷತ್ರ ಅತ್ತೆಗೆ ಮಾತ್ರವಾ, ಅಮ್ಮನಿಗೂ ಆಗುದಿಲ್ವಾ ಅಂತ ಹೆದರಿ ಗಂಜಿ ಸಹ ತಂಗಿಯ ಕೈಯಲ್ಲಿ ಕಳಿಸ್ತಿದ್ದೆ. ನೀವು ಆಗ ದಿನಾ ಬರ್ತಿದ್ರಿ. ಇಲ್ಲೇ ಕೂತು ಕಾಫಿ ಕುಡಿತಿದ್ರಿ."

ಹೌದು. ಕುಡಿಯುತ್ತಿದ್ದೆ.

"ಮದುವೆ ಮಾತು ಬಿಡಿ. ಜೋಯಿಸರಿಗೆ ಹೇಳ್ಲಿಕ್ಕೆ ಬಂಟ್ವಾಳಕ್ಕೆ ಹೋದ್ರಿ, ಅವ್ರಿಗೆ ಹೇಳ್ಲಿಕ್ಕೆ ಬೆಳ್ತಂಗಡಿಗೆ ಹೋದ್ರಿ. ನಾನು ಇಲ್ಲೇ ಇದ್ದೆನಲ್ಲ ದೊಡ್ಡಪ್ಪ?"

ಹೊಸ ಜಾತಕವನ್ನು ಅವಳ ಪಕ್ಕದಲ್ಲಿಟ್ಟೆ. ಬಿಡಿಸಿ ನೋಡಲಿಲ್ಲ. ಒಳಗಿನಿಂದ ಅವಳ ತಾಯಿ ನೀರು ಕೇಳಿದರು. ತಂಗಿ ಏಳುವ ಮೊದಲೇ ವಾರಿಜ ತಾನೇ ಎದ್ದು ಚೊಂಬು ಹಿಡಿದುಕೊಂಡು ಹೋದಳು. ಎಷ್ಟೋ ಹೊತ್ತು ಹೊರಗೆ ಬರಲಿಲ್ಲ. ನಾನು ಮನೆಗೆ ಬಂದೆ.

ಬೆಳ್ತಂಗಡಿಯಿಂದ ಇವತ್ತಿನವರೆಗೆ ಏನೂ ಸುದ್ದಿಯಿಲ್ಲ. ಬರುವುದೂ ಇಲ್ಲ.

ಇದನ್ನು ಪತ್ರಿಕೆಯಲ್ಲಿ ಬರೆಯಲೇ ಎಂದು ಅವಳನ್ನು ಕೇಳಿದೆ. ಈ ಸಲ ಮೊದಲು ಅವಳನ್ನೇ ಕೇಳಿದೆ. ಬರೆಯಿರಿ ಎಂದಳು. ಆದ್ದರಿಂದ ಓದುಗರೇ, ನಿಮ್ಮ ಮನೆಯಲ್ಲಿ ಆ ವರ್ಷಗಳಲ್ಲಿ ಹುಟ್ಟಿದ ಮಕ್ಕಳಿದ್ದರೆ, ಹುಟ್ಟಿದ ಹೊತ್ತನ್ನು ಗಡಿಯಾರ ನೋಡಿ ಹೇಳಿದವರು ಯಾರು, ಆ ಗಡಿಯಾರ ಹೊಸತನ್ನು ತೋರಿಸುತ್ತಿತ್ತೋ ಹಳೆಯದನ್ನೋ ಎಂದು ವಿಚಾರಿಸಿ. ಹೊಸತಾದರೆ ಒಂದು ಗಂಟೆ ಕಳೆಯಿರಿ.

ಕಳೆದ ಮೇಲೆ ಮೊದಲು ಹುಡುಗಿಗೆ ಹೇಳಿ. ಜೋಯಿಸರಿಗೆ ನಾಳೆ ಹೇಳಿದರೂ ನಡೆಯುತ್ತದೆ.