ಹೊಗೆ ಬಾರದ ಕೆಂಡ ಮಾಡಿಕೊಟ್ಟ ಸಾಬಣ್ಣ

"ಅಲ್ಲಿ ನಿಲ್ಲಬ್ಯಾಡ್ರಿ. ಗಾಳಿ ಯಾ ಕಡಿ ಹೊಂಟೈತಿ ನೋಡಿ ನಿಲ್ರಿ."

ಸಾಬಣ್ಣ ನನ್ನೊಂದಿಗೆ ಆಡುವ ಮೊದಲ ಮಾತು ಇದು. ವಿಜಯಪುರದ ಇಬ್ರಾಹಿಂಪುರದಲ್ಲಿ ರೈಲು ಹಳಿಯ ಪಕ್ಕದ ಬಯಲು. ಸೂರ್ಯ ಇನ್ನೂ ಹುಟ್ಟಿಲ್ಲ. ಮೂರು ಕಬ್ಬಿಣದ ಬುಟ್ಟಿಗಳಲ್ಲಿ ಜಾಲಿ ಇದ್ದಲಿ ಹೊತ್ತಿಕೊಳ್ಳುತ್ತಿದೆ. ಐವತ್ತೊಂದರ ಸಾಬಣ್ಣ ಗಾಳಿಗೆ ಬೆನ್ನು ಕೊಟ್ಟು ಕುಕ್ಕುರುಗಾಲಲ್ಲಿ ಕೂತು, ಉದ್ದನೆಯ ಚಿಮಟದಿಂದ ಒಂದೊಂದೇ ತುಂಡನ್ನು ಮಗುಚಿ ಹಾಕುತ್ತಿದ್ದಾರೆ. ಎಲ್ಲ ಮೈಗೂ ಬೂದಿ ಬಣ್ಣ ಬಂದ ಕೆಂಡ ತಗಡಿನ ಡಬ್ಬಿಗೆ ಹೋಗುತ್ತದೆ. ಒಂದು ಮೂಲೆ ಕಪ್ಪಗಿದ್ದರೂ ಅದು ಮತ್ತೆ ಬುಟ್ಟಿಗೇ.

ಏಳು ಗಂಟೆಯ ಹೊತ್ತಿಗೆ ಈ ಡಬ್ಬಿಗಳು ಸೈಕಲ್ಲೇರಿ ಜಲನಗರದ ಕಡೆ ಹೊರಡುತ್ತವೆ. ಅಲ್ಲಿನ ಹದಿನಾಲ್ಕು ಇಸ್ತ್ರಿ ಗಾಡಿಗಳಿಗೆ ಕೆಂಡ ಕೊಡುವವರು ಇವರೇ. ಇಸ್ತ್ರಿಯವರು ಮನೆಯ ಮುಂದೆ ಇದ್ದಲಿ ಹೊತ್ತಿಸಿದರೆ ಹೊಗೆ ಬರುತ್ತದೆಂದು ಬಡಾವಣೆಯವರು ತಕರಾರು ತೆಗೆದಿದ್ದಾರೆ. ಹಾಗಾಗಿ ಹೊಗೆಯನ್ನು ಇಲ್ಲಿ ಸಾಬಣ್ಣ ಕುಡಿಯುತ್ತಾರೆ, ಅಲ್ಲಿ ಅಂಗಿಯ ಮಡಿಕೆ ನೇರವಾಗುತ್ತದೆ. ದಿನಕ್ಕೆ ಮೂವತ್ತು ಕಿಲೋ ಇದ್ದಲಿ, ಎರಡು ಸುತ್ತು. ಹದಿನಾಲ್ಕು ಕಿಲೋಮೀಟರ್ ಸೈಕಲ್.

ಫೋಟೋಕ್ಕೆ ನಗಲು ಹೇಳಿದರೆ ನಗುವುದಿಲ್ಲ. "ನಗೂವಂಥಾದ್ದು ಏನೈತ್ರಿ? ಸಿಟ್ಟಿನ ಮಾರೀನೇ ಹಾಕ್ರಿ ಪೇಪರಿನ್ಯಾಗ" ಎನ್ನುತ್ತಾರೆ.

ಆ ಸಿಟ್ಟಿಗೆ ಕಾರಣವಿದೆ.

ಸಾಬಣ್ಣ ಹುಟ್ಟಿದ್ದು ತಿಕೋಟಾದಲ್ಲಿ. ಅವ್ವ ತಿಪ್ಪವ್ವ ಹಳ್ಳದ ದಂಡೆಯ ಜಾಲಿ ಕಡಿದು, ಮಣ್ಣು ಮುಚ್ಚಿ ಸುಟ್ಟು ಇದ್ದಲಿ ಮಾಡುತ್ತಿದ್ದಳು. ಯಾವ ಕಟ್ಟಿಗೆ ಎಷ್ಟು ಹೊತ್ತು ಉರಿಯುತ್ತದೆ, ಯಾವುದು ಚಟಪಟ ಸಿಡಿಯುತ್ತದೆ, ಯಾವುದು ವಾಸನೆ ಬಿಡುತ್ತದೆ ಎಂಬುದನ್ನೆಲ್ಲ ಕಲಿತದ್ದು ಅವಳ ಹತ್ತಿರ. ಆ ವಿದ್ಯೆ ಅವರನ್ನು ನಗರದ ಒಂದು ಹುಕ್ಕಾ ಅಂಗಡಿಗೆ ತಂದು ನಿಲ್ಲಿಸಿತು. ಹುಕ್ಕಾ ಇನ್ನೂ ನಿಷೇಧವಾಗಿರದ ಕಾಲ. ಅಲ್ಲಿ ಒಂಬತ್ತು ವರ್ಷ ಅವರದು ಒಂದೇ ಕೆಲಸ, ಕೆಂಡ.

"ಫ್ಲೇವರ್ ಫ್ಲೇವರ್ ಅಂತ ಬಡಕೋತಾರಲ್ರಿ ಮಂದಿ, ಅದು ತಂಬಾಕಿನ್ಯಾಗ ಅರ್ಧ, ಕೆಂಡದಾಗ ಅರ್ಧ" ಎಂದು ವಿವರಿಸುತ್ತಾರೆ. "ತೆಂಗಿನ ಚಿಪ್ಪಿನ ಇದ್ದಲಿನೇ ಬೇಕು. ಬೇಗ ಹತ್ತಲಿ ಅಂತ ಮದ್ದು ಹಚ್ಚಿದ ಇದ್ದಲಿ ಹಾಕಿದ್ರ ಸೀಮೆಎಣ್ಣಿ ಕುಡದಂಗ ಆಕ್ಕೈತಿ. ಹತ್ತು ನಿಮಿಷ ಮಗ್ಗಲಾ ಬದಲಿಸಿ ಬದಲಿಸಿ ಕಾಸಬೇಕು. ಅರ್ಧ ಹತ್ತಿದ್ದು ಇಟ್ರ ತಲಿನೋವು. ಚಿಲುಮಿ ಮ್ಯಾಲೆ ಮೂರು ಕೆಂಡ, ನಡುವ ಅಲ್ಲ, ಅಂಚಿಗೆ. ನಡುವ ಇಟ್ರ ತಂಬಾಕ ಸುಟ್ಟು ಗಂಟಲಾ ಕೆರೀತೈತಿ. ಕಾಲು ತಾಸಿಗೊಮ್ಮಿ ಬೂದಿ ಝಾಡಿಸಿ ಜಾಗಾ ಸರಿಸಬೇಕು."

ಹೊರಗೆ ಮೆತ್ತನೆಯ ಆಸನ, ಬಣ್ಣದ ದೀಪ. ಒಳಗೆ ಆರಡಿ ಅಗಲ, ಎಂಟಡಿ ಉದ್ದದ ಕೋಣೆ. ಅದರಲ್ಲಿ ಇಬ್ಬರು. ಚಿಲುಮೆಗೆ ತಂಬಾಕು ತುಂಬುತ್ತಿದ್ದವನು ಬಬಲೇಶ್ವರದ ತೌಸೀಫ, ಮೂವತ್ನಾಲ್ಕು ವರ್ಷದವನು. ಕೆಂಡ ಇಡುತ್ತಿದ್ದವರು ಸಾಬಣ್ಣ. ಗಿರಾಕಿಗಳು ಹೊಗಳುತ್ತಿದ್ದದ್ದು ಮಾಲೀಕನನ್ನು. ಈ ಇಬ್ಬರ ಮುಖ ಯಾರಿಗೂ ಗೊತ್ತಿರಲಿಲ್ಲ.

ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಅದರಿಂದ ತಂಬಾಕಿನ ವಾಸನೆ ಬರುತ್ತದೆಂದು ಮೇಲಿನ ಮಹಡಿಯವರು ಜಗಳ ತೆಗೆದಾಗ ಮಾಲೀಕ ಬಡಿಗನನ್ನು ಕರೆಸಿ ಕಿಟಕಿಗೆ ಹಲಗೆ ಹೊಡೆಸಿದ. ಸಂದಿಗೆಲ್ಲ ಟೇಪು ಅಂಟಿಸಿದ. ಸಾಬಣ್ಣ ಸುಮ್ಮನಿರಲಿಲ್ಲ. "ಮಾಲಕರ, ಗಾಳಿ ಆಡೂದಿಲ್ರಿ, ಉಸರು ಕಟ್ಟತೈತಿ" ಎಂದರು. ಮಾಲೀಕ ನಕ್ಕುಬಿಟ್ಟ. "ನಿನ್ನ ಕೆಂಡಕ್ಕ ಹೊಗಿನೇ ಬರೂದಿಲ್ಲಲ್ಲೋ ಸಾಬ್ಯಾ, ಕಿಡಕಿ ಯಾಕ ಬೇಕು ನಿನಗ?"

ಈ ಮಾತು ಹೇಳಿ ಸಾಬಣ್ಣ ಒಂದು ಕೆಂಡವನ್ನು ಮಗುಚಿ ಹಾಕುತ್ತಾರೆ. "ನನ್ನ ಹುಷಾರಿನೇ ನಮಗ ಉರುಲಾತ್ರಿ. ಹೊಗಿ ಇದ್ದಿದ್ರ ಕೆಮ್ಮರೆ ಬರತಿತ್ತು, ಕಣ್ಣರೆ ಉರೀತಿದ್ವು, ಹೊರಗ ಓಡತಿದ್ವಿ. ಹೊಗಿ ಇಲ್ಲದ, ವಾಸನಿ ಇಲ್ಲದ ಕೆಂಡ ಮಾಡೂದು ಕಲತಿದ್ದೆ. ಅದೂ ವಿಷಾ ಕಾರತೈತಿ ಅಂತ ಯಾರೂ ಹೇಳಿರಲಿಲ್ಲ."

ಹಲಗೆ ಹೊಡೆದ ಎಂಟನೇ ದಿನ, ಡಿಸೆಂಬರಿನ ಒಂದು ಭಾನುವಾರ ಮಧ್ಯಾಹ್ನ. ಯಾರದೋ ಹುಟ್ಟುಹಬ್ಬಕ್ಕೆ ಇಡೀ ಅಂಗಡಿ ಬುಕ್ಕಾಗಿತ್ತು. ಒಳಗೆ ಎರಡು ತಾಟಿನ ತುಂಬ ಕೆಂಡ, ಬಾಗಿಲು ಮುಚ್ಚಿತ್ತು. ತಲೆ ಭಾರ ಅನ್ನಿಸಿದರೂ ಸಾಬಣ್ಣ ಒಂದು ತಾಟು ಎತ್ತಿಕೊಂಡು ಹೊರಗೆ ಹೋದರು. ಹತ್ತು ನಿಮಿಷ ಬಿಟ್ಟು ಮರಳಿದಾಗ ತೌಸೀಫ ಗೋಡೆಗೆ ಒರಗಿ ಕೂತಿದ್ದ. ನಿದ್ದೆ ಬಂದಿದೆ ಎಂದುಕೊಂಡರು. "ಏಳಲೇ, ಗಿರಾಕಿ ಕಾಯಾಕತ್ತಾರ" ಎಂದು ಭುಜ ಅಲ್ಲಾಡಿಸಿದರು. ಆಮೇಲೆ ತಾವೂ ಹೊಸ್ತಿಲ ಮೇಲೆ ಬಿದ್ದರು. ಸಾಬಣ್ಣನಿಗೆ ಆಸ್ಪತ್ರೆಯಲ್ಲಿ ಎಚ್ಚರವಾಯಿತು. ತೌಸೀಫನಿಗೆ ಆಗಲಿಲ್ಲ.

ಮಾಲೀಕ ಎಲ್ಲರಿಗೂ ಹೇಳಿದ್ದು ಒಂದೇ ಮಾತು: ಕುಡಿದು ಮಲಗಿದ್ದ, ಹಾಗೇ ಹೋದ. ಅದೇ ಮಾತನ್ನು ಕಾಗದದ ಮೇಲೆ ಬರೆಸಿ ಸಾಬಣ್ಣನ ಹಾಸಿಗೆಯ ಹತ್ತಿರ ತಂದು ಸಹಿ ಕೇಳಿದ. ಸಾಬಣ್ಣ ಕಾಗದ ಹರಿದು ಹಾಕಿದರು. ಕೆಲಸ ಅಲ್ಲಿಗೇ ಮುಗಿಯಿತು.

ಬಬಲೇಶ್ವರಕ್ಕೆ ಹೋದಾಗ ತೌಸೀಫನ ತಾಯಿ ದಾವಲಬಿ ಕೇಳಿದ್ದು ಪರಿಹಾರದ ಮಾತಲ್ಲ. "ಸಾಬಣ್ಣಾ, ಖರೇ ಹೇಳು. ನನ್ನ ಮಗಾ ಕುಡೀತಿದ್ದನೇನಪಾ? ಓಣಿ ಮಂದಿ ಎಲ್ಲಾ ಅನ್ನಾಕತ್ತಾರ."

"ಇಲ್ಲ ಬೇ ಯವ್ವಾ. ಚಹಾ ಬಿಟ್ಟು ಬ್ಯಾರೆ ಏನೂ ಮುಟ್ಟಿದಾಂವ ಅಲ್ಲ ಅಂವ."

ಆಕೆ ಕಾರ್ಮಿಕ ಕಚೇರಿಯಲ್ಲಿ ದಾವೆ ಹಾಕಿದಳು. ಸಾಕ್ಷಿ ಒಬ್ಬರೇ, ಸಾಬಣ್ಣ. ಎರಡು ವರ್ಷ ಓಡಾಟ. ನರ್ಸಿಂಗ್ ಓದುತ್ತಿದ್ದ ಸಾಬಣ್ಣನ ಮಗಳು ಗೌತಮಿ ಒಂದು ದಿನ ಫೈಲಿನ ನಕಲು ತರಿಸಿಕೊಂಡು ಕೂತು ಓದಿದಳು. ಶವಪರೀಕ್ಷೆಯ ಜೊತೆ ಪ್ರಯೋಗಾಲಯದ ವರದಿಯೂ ಅದರಲ್ಲೇ ಇತ್ತು. ರಕ್ತದಲ್ಲಿ ಮದ್ಯದ ಅಂಶವಿಲ್ಲ. ಕೆಂಡ ಕಾರುವ ವಿಷಾನಿಲ, ಕಾರ್ಬನ್ ಮಾನಾಕ್ಸೈಡ್ ಇದೆ. ಒಬ್ಬ ತಾಯಿ ಓಣಿಯಲ್ಲಿ ತಲೆ ತಗ್ಗಿಸಿ ಓಡಾಡಿದ ಅಷ್ಟೂ ದಿನ ಆ ಹಾಳೆ ಅದೇ ಫೈಲಿನಲ್ಲಿತ್ತು. ಯಾರೂ ಪುಟ ತಿರುವಿರಲಿಲ್ಲ. ಇದನ್ನು ಬರೆಯುವಾಗ ನನಗೂ ಮೈ ಉರಿಯುತ್ತದೆ.

ವಿಚಾರಣೆಯ ದಿನ ಮಾಲೀಕನ ವಕೀಲರು ಕೇಳಿದರು: "ಕೆಂಡ ಹೊತ್ತಿಸಿದವನು ನೀನೇ ತಾನೆ?"

"ಹೌದ್ರಿ."

"ಅಂದರೆ ಸಾವಿಗೆ ಕಾರಣ ನೀನೇ ಆದೆಯಲ್ಲ?"

"ಕೆಂಡ ನಂದ್ರೀ" ಎಂದರು ಸಾಬಣ್ಣ. "ಕಿಡಕಿಗೆ ಹೊಡದ ಹಲಗಿ ಮಾಲಕರದು. ನಾ ಹೊತ್ತಿಸಿಕೊಡತೀನಿ, ಅದೇ ಕ್ವಾಣ್ಯಾಗ ಬಾಗಲಾ ಹಾಕ್ಕೊಂಡು ಅವರನ್ನ ಒಂದು ತಾಸು ಕೂಡ್ರಿಸ್ರಿ. ಎದ್ದು ಬಂದ್ರ ತಪ್ಪು ನಂದು."



ಆದೇಶ ದಾವಲಬಿಯ ಪರವಾಗಿ ಬಂತು. ಗಾಳಿಯಿಲ್ಲದ ಕೋಣೆಯಲ್ಲಿ ಕೆಲಸ ಮಾಡಿಸಿದ್ದೇ ಸಾವಿಗೆ ಕಾರಣ, ಮೃತನು ಕುಡಿದಿದ್ದನೆಂಬ ವಾದ ಸುಳ್ಳು ಎಂದು ಬರೆದಿತ್ತು. ಆಕೆ ಗೌತಮಿಯನ್ನು ಕರೆದೊಯ್ದು ಓಣಿಯ ಮಂದಿಯನ್ನೆಲ್ಲ ಸೇರಿಸಿ, ಆ ಸಾಲುಗಳನ್ನು ಎರಡು ಸಲ ಗಟ್ಟಿಯಾಗಿ ಓದಿಸಿದಳು.

ಮಾಲೀಕ ಜೈಲಿಗೆ ಹೋಗಲಿಲ್ಲ. ಹುಕ್ಕಾ ನಿಷೇಧವಾದ ಮೇಲೆ ಬೋರ್ಡು ಬದಲಿಸಿ, ಅದೇ ಕಟ್ಟಡದಲ್ಲಿ ಎಸಿ ಹಾಕಿಸಿ ಊಟದ ಹೋಟೆಲು ನಡೆಸುತ್ತಿದ್ದಾನೆ. ಸಾಬಣ್ಣನಿಗೆ ಮಾತ್ರ ಇಂದಿಗೂ ವಾರಕ್ಕೆರಡು ಸಲ ತಲೆ ಸಿಡಿಯುತ್ತದೆ, ಎಡಗೈ ಜೋಮು ಹಿಡಿಯುತ್ತದೆ, ಹೆಸರುಗಳು ಮರೆಯುತ್ತವೆ. "ತೌಸೀಫನ ಹೆಸರು ಮಾತ್ರ ಮರಿಯಂಗಿಲ್ರಿ. ಮರೀಲಿ ಅಂತ ದೇವರಿಗೆ ಕೇಳ್ಕೊಂಡೇನಿ ಒಮ್ಮೊಮ್ಮಿ. ಆಮ್ಯಾಲ ನಂಗ ನಾಚಿಕಿ ಬರತೈತಿ."

ಹೋದ ಚಳಿಗಾಲ ತಿಕೋಟಾದ ಒಂದು ಮದುವೆ ಮಂಟಪದಲ್ಲಿ ತಂದೂರಿಗೆ ಕೆಂಡ ಮಾಡಿಕೊಡಲು ಸಾಬಣ್ಣನನ್ನು ಕರೆದಿದ್ದರು. ಹೋಗಿ ನೋಡಿದರೆ ಭಟ್ಟಿ ಇಟ್ಟದ್ದು ಸಾಮಾನಿನ ಕೋಣೆಯಲ್ಲಿ. ಹಿಂದಿನ ಶಟರಿಗೆ ಬೀಗ, ಒಳಗೆ ಐದು ಮಂದಿ ಅಡುಗೆಯವರು. ಶಟರು ಎತ್ತದೆ ಬೆಂಕಿ ಹಚ್ಚುವುದಿಲ್ಲ ಎಂದು ಸಾಬಣ್ಣ ಬಾಗಿಲಿಗೆ ಅಡ್ಡ ಕೂತರು. ಮ್ಯಾನೇಜರು ಕೂಗಾಡಿದ, "ನಿನ್ನಂಥಾವ್ರು ಹತ್ತು ಮಂದಿ ಸಿಗತಾರ, ಹೋಗ" ಎಂದ. ಸಾಬಣ್ಣ ಏಳಲಿಲ್ಲ. ಊಟದ ಹೊತ್ತು ಹತ್ತಿರವಾಯಿತು. ಕೊನೆಗೆ ಕೀಲಿ ಬಂತು, ಶಟರು ಮೇಲೆದ್ದಿತು.

"ಸಿಗಲಿ ಬಿಡ್ರಿ ಹತ್ತು ಮಂದಿ" ಎನ್ನುತ್ತಾರೆ ಸಾಬಣ್ಣ. "ಇಬ್ರಾಹಿಂಪುರದಾಗ, ತಿಕೋಟಾದಾಗ, ಬಬಲೇಶ್ವರದಾಗ ಈ ಕೆಲಸಾ ಮಾಡೂ ಮಂದಿನ್ನೆಲ್ಲಾ ಹುಡುಕಿ ಹುಡುಕಿ ಹೇಳಿ ಬಂದೀನಿ. ಮೊದಲು ಕಿಡಕಿ ತೆಗಸ್ರಿ, ಆಮ್ಯಾಲ ಕಡ್ಡಿ ಗೀರ್ರಿ ಅಂತ. ಆ ಹತ್ತೂ ಮಂದಿ ಈಗ ಬಾಗಲದಾಗ ಕೂಡತಾರ್ರಿ."